ದ್ರಾಕ್ಷಿ ಪಡದಲ್ಲಿ ನಿಂತು ಬಂಗಾಳ ಕೊಲ್ಲಿಯನ್ನು ನೋಡುವುದು

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಭಾಗದಲ್ಲಿ ಅಕ್ಟೋಬರ್ ಚಾಟ್ನಿಗೂ, ಅಂದರೆ ದ್ರಾಕ್ಷಿ ಬಳ್ಳಿ ಸವರುವ ಕೆಲಸಕ್ಕೂ, ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೂ ಒಂದೇ ಹಂಗಾಮು. ಅಲ್ಲಿಂದ ಡಿಸೆಂಬರ್ ಮುಗಿಯುವವರೆಗೆ ಹವಾಮಾನ ಇಲಾಖೆಯ ಬುಲೆಟಿನ್ ಓದದೆ ನಾನು ಪಡಕ್ಕೆ ಕಾಲಿಡುವುದಿಲ್ಲ. ಆಂಧ್ರದ ಕಾಕಿನಾಡ ಕರಾವಳಿ ವಿಜಯಪುರದಿಂದ ನೇರವಾಗಿ ಸುಮಾರು 700 ಕಿ.ಮೀ. ದೂರ. ಆದರೂ ಎಳೆ ಚಿಗುರಿನ ಹಂತದಲ್ಲೋ ಹೂವಿನ ಹಂತದಲ್ಲೋ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ದಾವಣಿ ರೋಗ ಬಂತೆಂದೇ ಲೆಕ್ಕ. ಎಲೆಯ ಮೇಲೆ ಎಣ್ಣೆ ಹನಿಸಿದಂಥ ಹಳದಿ ಮಚ್ಚೆ, ಮಗುಚಿ ನೋಡಿದರೆ ಬಿಳಿ ಬೂಷ್ಟು. ಅದು ಗೊನೆಗೆ ಇಳಿದರೆ ವರ್ಷದ ದುಡಿಮೆ ಹೋಯಿತು.

ಚಂಡಮಾರುತಕ್ಕೆ ಹೆಸರಿಡಲಿ ಎಂದು ನಾನು ಕಾಯುವುದಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲಷ್ಟೇ, 13 ದೇಶಗಳು ಸೇರಿ ಕೊಟ್ಟ ಪಟ್ಟಿಯಿಂದ ಹೆಸರು ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದದ್ದಕ್ಕೆ ಹೆಸರೇ ಇರಲಿಲ್ಲ. ಅದು ಬರೀ ತೀವ್ರ ವಾಯುಭಾರ ಕುಸಿತ. 13ರಂದು ಕಾಕಿನಾಡದ ಬಳಿ ನೆಲ ಹತ್ತಿ, ತೆಲಂಗಾಣ, ಉತ್ತರ ಕರ್ನಾಟಕ, ಮಹಾರಾಷ್ಟ್ರವನ್ನು ತೋಯಿಸಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಭೀಮೆ ಉಕ್ಕಿ ನಮ್ಮ ಜಿಲ್ಲೆಯ ನದಿ ದಂಡೆಯ ಬೆಳೆಗಳು ನೀರುಪಾಲಾದವು.

ಆದ್ದರಿಂದ ನಾನು ನೋಡುವುದು ಅಕ್ಷಾಂಶವನ್ನು. ವಾಯುಭಾರ ಕುಸಿತದ ಬೆಳಿಗ್ಗೆ ಎಂಟೂವರೆಯ ಸ್ಥಾನವನ್ನು ಬುಲೆಟಿನ್‌ನಿಂದ ವಹಿಯಲ್ಲಿ ಬರೆದುಕೊಳ್ಳುತ್ತೇನೆ, ಹಿಂದಿನ ದಿನದ್ದರ ಜೊತೆ ಹೋಲಿಸುತ್ತೇನೆ. ವಿಜಯಪುರ ಇರುವುದು 16.8 ಡಿಗ್ರಿಯ ಆಸುಪಾಸಿನಲ್ಲಿ, ಕಾಕಿನಾಡ 17ರಲ್ಲಿ. ಅಲ್ಲಿ ನೆಲ ಹತ್ತಿ ಪಶ್ಚಿಮಕ್ಕೆ ಹೊರಟದ್ದು ನಮ್ಮ ಮನೆಯ ದಾರಿಯನ್ನೇ ಹಿಡಿದಿರುತ್ತದೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ದಡ ಸೇರಿದ್ದು ಪುದುಚೇರಿಯ ಬಳಿ, ನಮಗಿಂತ ಸುಮಾರು ಐದು ಡಿಗ್ರಿ ದಕ್ಷಿಣಕ್ಕೆ. ಅಂಥದ್ದಕ್ಕೆ ನಾನು ಮೋಡದ ಸಿದ್ಧತೆಯನ್ನಷ್ಟೇ ಮಾಡಿಕೊಳ್ಳುತ್ತೇನೆ.

ಬುಲೆಟಿನ್ ಜೊತೆಗೆ ಪಡದ ಗಾಳಿಯನ್ನೂ ಕೇಳಬೇಕು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕುಸಿತದ ಕೇಂದ್ರ ನಿಮ್ಮ ಎಡಗೈ ಕಡೆ, ತುಸು ಮುಂದಕ್ಕೆ ಇರುತ್ತದೆ. ಭೂಮಿಯ ಉತ್ತರಾರ್ಧದಲ್ಲೆಲ್ಲ ಇದೇ ನಿಯಮ. ಬಳ್ಳಿಯ ಸಾಲುಗಳ ನಡುವೆ ಗಾಳಿ ದಿಕ್ಕು ತಪ್ಪಿಸುತ್ತದೆ, ಹಾಗಾಗಿ ನಾನು ಕೃಷಿಹೊಂಡದ ಏರಿಯ ಮೇಲೆ ನಿಲ್ಲುತ್ತೇನೆ. ಬಡಗಣ ಗಾಳಿ ಬೀಸುತ್ತಿದ್ದರೆ ಕೇಂದ್ರ ಇನ್ನೂ ಮೂಡಣದಲ್ಲಿದೆ. ಅದೇ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗಿತೆಂದರೆ ಕೇಂದ್ರ ನಮ್ಮ ಉತ್ತರಕ್ಕೆ, ಸೊಲ್ಲಾಪುರದ ಕಡೆಯಿಂದ ಹಾಯುತ್ತಿದೆ.

ಗಾಳಿ ತಿರುಗುವ ಮೊದಲೇ ಸಿಂಪರಣೆ ಮುಗಿದಿರಬೇಕು. ನಮ್ಮದು ಎರೆ ಮಣ್ಣು. ನೆನೆದ ಮೇಲೆ ಟ್ರ್ಯಾಕ್ಟರ್ ಸಾಲಿನೊಳಗೆ ಹೋಗುವುದಿಲ್ಲ, ಹೋದರೂ ಹೂತುಕೊಳ್ಳುತ್ತದೆ. ವಾಯುಭಾರ ಕುಸಿತ ಇನ್ನೂ ನಡುಗಡಲಿನಲ್ಲಿರುವಾಗಲೇ ಎಲೆಯ ಎರಡೂ ಮಗ್ಗುಲಿಗೆ ಔಷಧ ಮುಟ್ಟಿಸುತ್ತೇನೆ, ದಟ್ಟವಾದ ಚಿಗುರು ತೆಗೆಸಿ ಗೊನೆಗಳಿಗೆ ಗಾಳಿಯಾಡುವಂತೆ ಮಾಡುತ್ತೇನೆ, ಬದುವಿನ ಬಸಿಗಾಲುವೆ ಬಿಡಿಸುತ್ತೇನೆ. ಚಾಟ್ನಿ ಆಗದ ಭಾಗವಿದ್ದರೆ ಅದನ್ನು ಮುಂದಕ್ಕೆ ಹಾಕುತ್ತೇನೆ. ಆಳುಗಳ ಗುಂಪಿನ ಮುಖಂಡ, ‘ಕಾಕಾ, ಬಿಸಿಲು ಇಷ್ಟು ಚೆನ್ನಾಗಿದೆಯಲ್ಲ’ ಎನ್ನುತ್ತಾನೆ. ವಹಿಯಲ್ಲಿನ ಅಂಕಿಗಳನ್ನು ಅವನಿಗೇ ತೋರಿಸುತ್ತೇನೆ.

ಏಪ್ರಿಲ್, ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ಸರದಿ. ಆಗ ಚಿಂತೆ ಶೆಡ್ಡಿನಲ್ಲಿ ಉಳಿದ ಒಣದ್ರಾಕ್ಷಿಯದ್ದು. ಬದಿಯ ತಾಡಪತ್ರಿಗಳನ್ನು ಬಿಗಿದರೆ ಬಹುಪಾಲು ಕೆಲಸ ಆಯಿತು. ಪಡದ ವಿಷಯ ಹಾಗಲ್ಲ. ಇಡೀ ಪಡವನ್ನು ಒಂದೇ ವಾರದಲ್ಲಿ ಚಾಟ್ನಿ ಮಾಡುವುದನ್ನು ನಾನು ಬಿಟ್ಟಿರುವುದೇ ಅದಕ್ಕೆ. ತುಂಡು ತುಂಡಾಗಿ ಮಾಡಿದರೆ, ಮಳೆ ಯಾವಾಗ ಬಂದರೂ ಹೂವಿನಲ್ಲಿ ಸಿಕ್ಕಿಬೀಳುವುದು ಒಂದು ತುಂಡು ಮಾತ್ರ.