ಟಿಕ್ ಟಿಕ್ ಅನ್ನುವ ಮೂರು ಗೇರು

ನನ್ನ ಸೈಕಲ್ಲಿಗೆ ಮೂರೇ ಗೇರು. ಅದೂ ಹಿಂದಿನ ಚಕ್ರದ ನಟ್ಟನಡುವಿನ ಗುಂಡಿ, ಅಂದರೆ ಹಬ್ಬಿನ ಹೊಟ್ಟೆಯೊಳಗೆ. ಹೊರಗಿಂದ ನೋಡಿದರೆ, ಊರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು ಒಳಪೆಡಲ್ ಹೊಡೆಯುತ್ತಿದ್ದ ಸೈಕಲ್ಲಿನ ಹಾಗೇ ಇದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಓದಲು ಬಂದಾಗ ಹಿಂದೆ 9 ಗೇರಿರುವ ಹೊಸ ಸೈಕಲ್ ಕೊಂಡಿದ್ದೆ. ಸ್ಟ್ಯಾಂಡಿನಲ್ಲಿ ಯಾರದೋ ಸೈಕಲ್ ಅದರ ಮೇಲೆ ಒರಗಿ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಅನ್ನು ನೇತುಹಾಕುವ ಕೊಂಡಿ ಒಂಚೂರು ಬಾಗಿತು. ಅಷ್ಟಕ್ಕೇ ಗೇರು ಅದರ ಪಾಡಿಗೆ ಅದು ಜಿಗಿಯತೊಡಗಿತು. ಮೂರು ಸಲ ಅಂಗಡಿಗೆ ಹೋದೆ.

ಆಮೇಲೆ ಸಿಕ್ಕಿದ್ದು ಈ ಹಳೇ ರಾಲೀ ಕಂಪನಿಯ ಸೈಕಲ್. ನಮ್ಮ ವಿಶ್ವವಿದ್ಯಾಲಯದ ಜುಬಿಲಿ ಕ್ಯಾಂಪಸ್ ಇರುವ ಜಾಗದಲ್ಲೇ ಹಿಂದೆ ರಾಲೀ ಕಾರ್ಖಾನೆ ಇತ್ತು. ಹಬ್ಬೂ ಇದೇ ಊರಿನದು: ಸ್ಟರ್ಮಿ-ಆರ್ಚರ್ ಕಂಪನಿಯ ಎಡಬ್ಲ್ಯೂ ಅನ್ನುವ ಮಾದರಿ. ತುಕ್ಕು ಉಜ್ಜಿದರೆ ಮೇಲೆ 72 ಅಂತ ಕಂಡಿತು, ತಯಾರಾದ ವರ್ಷ. ನನಗಿಂತ ಹಿರಿಯ!

ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು. ಬಿಚ್ಚಲು ಧೈರ್ಯ ಬರಲಿಲ್ಲ. ಹಬ್ಬಿನ ಮೇಲಿನ ಪುಟ್ಟ ಮುಚ್ಚಳ ತೆಗೆದು ತೆಳು ಎಣ್ಣೆ ಬಿಟ್ಟೆ, ಚಕ್ರ ಮಲಗಿಸಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಕಪ್ಪು ಕಷಾಯ ಸೋರಿತ್ತು. ಚಕ್ರ ತಿರುಗಿಸಿದರೆ ಟಿಕ್ ಟಿಕ್. ಸಣ್ಣ ಸ್ಪ್ರಿಂಗ್ ಇರುವ ಕೊಕ್ಕೆಗಳು ಹಲ್ಲಿನ ಮೇಲೆ ಜಾರುವ ಸದ್ದು ಅದು. ಎರಡು, ಮೂರನೇ ಗೇರಲ್ಲಿ ಪೆಡಲ್ ತುಳಿಯುವಾಗಲೂ ಕೇಳಿಸುತ್ತದೆ. ಒಂದನೆಯದರಲ್ಲಿ ಮಾತ್ರ ಮೌನ. ಹಾಗಾಗಿ ಒಂದನೇ ಗೇರಲ್ಲಿದ್ದೇನಾ ಅಂತ ಬಗ್ಗಿ ನೋಡಬೇಕಿಲ್ಲ.

ಲೆಕ್ಕವೂ ಸುಲಭ. ಆಕ್ಸಲ್ ಮೇಲೆ 20 ಹಲ್ಲಿನ ಚಕ್ರ, ಸುತ್ತ 60 ಹಲ್ಲಿನ ಬಳೆ, ನಡುವೆ ನಾಲ್ಕು ಪುಟ್ಟ ಚಕ್ರ. ಚೈನು ಕೂರುವ ಹಿಂದಿನ ಹಲ್ಲುಚಕ್ರ ಒಂದು ಸುತ್ತು ಬಂದರೆ ಸೈಕಲ್ ಚಕ್ರ ಮೂರನೇ ಗೇರಲ್ಲಿ ಒಂದೂ ಕಾಲಿಗಿಂತ ತುಸು ಜಾಸ್ತಿ ಸುತ್ತುತ್ತದೆ, ಒಂದನೇ ಗೇರಲ್ಲಿ ಮುಕ್ಕಾಲು. ಎರಡನೆಯದು ನೇರ, ಒಂದಕ್ಕೆ ಒಂದೇ ಸುತ್ತು.

ಹೊಂದಿಸಬೇಕಾದ್ದು ಒಂದೇ ಕೇಬಲ್. ಎರಡನೇ ಗೇರಿಗೆ ಹಾಕಿ, ಬಲಗಡೆ ನಟ್ಟಿನ ಕಿಂಡಿಯಲ್ಲಿ ಇಣುಕಬೇಕು. ಕೇಬಲ್ ಎಳೆಯುವ ಒಳಗಿನ ಕಡ್ಡಿಯ ಭುಜ, ಅಂದರೆ ಅದರ ದಪ್ಪ ಭಾಗ ಮುಗಿಯುವ ಅಂಚು, ಆಕ್ಸಲ್ ತುದಿಗೆ ಸಮ ಇರಬೇಕು, ಅಷ್ಟೇ. ನಾನು ಮೊದಲ ಸಲ ಅಂದಾಜಲ್ಲಿ ತಿರುಗಿಸಿದ್ದೆ. ಎರಡು ಮತ್ತು ಮೂರರ ನಡುವೆ ಯಾವ ಗೇರೂ ಇಲ್ಲದ ಒಂದು ಖಾಲಿ ಜಾಗ ಇದೆ. ಎದ್ದು ನಿಂತು ತುಳಿಯುವಾಗ ಅಲ್ಲಿಗೇ ಸಿಕ್ಕಿತು. ಪೆಡಲ್ ಸುಮ್ನೆ ತಿರುಗಿತು, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಆಮೇಲಿಂದ ಇಣುಕಿ ನೋಡದೆ ಹೊರಡುವುದಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ, ಸಿಗ್ನಲ್ಲಲ್ಲಿ ನಿಂತೇ ಗೇರು ಬದಲಿಸಬಹುದು. ಡಿರೇಲರ್‌ನಲ್ಲಿ ಚಕ್ರ ತಿರುಗದೆ ಅದು ಆಗದು.

ಉದ್ದ ಏರಿಗೆ ಹೊಸ ಸೈಕಲ್ಲೇ ಮೇಲು, ಸುಳ್ಳು ಹೇಳಲಾರೆ. ಡರ್ಬಿ ರೋಡ್ ಏರು ಹತ್ತಲು ಒಂದನೇ ಗೇರೂ ಭಾರವಾಗುತ್ತಿತ್ತು. ಹಿಂದಿನ 18 ಹಲ್ಲಿನ ಚಕ್ರ ತೆಗೆದು 22ರದ್ದು ಹಾಕಿದೆ. ಅದನ್ನು ಹಿಡಿದಿರುವುದು ಒಂದು ಸ್ಪ್ರಿಂಗ್ ಬಳೆ ಮಾತ್ರ. ಸ್ಕ್ರೂಡ್ರೈವರಿನಿಂದ ಎಬ್ಬಿಸಿದೆ, ಹಾರಿ ಫ್ರಿಜ್ ಕೆಳಗೆ ಸೇರಿತು. ಹುಡುಕಲು ಹಿಡಿದ ಹೊತ್ತೇ ಜಾಸ್ತಿ. ಚೈನಿಗೂ ಎರಡು ಕೊಂಡಿ ಸೇರಿಸಬೇಕಾಯಿತು.

ಈಗ ಕೇಬಲ್ಲಿನ ಎರಡು ಎಳೆ ಕಿತ್ತಿವೆ. ಶನಿವಾರ ಬದಲಿಸಬೇಕು. ಕೇಬಲ್ ತುಂಡಾದರೆ ಈ ಹಬ್ ಮೂರನೇ ಗೇರಲ್ಲೇ ನಿಲ್ಲುತ್ತದೆ. ಆ ಗೇರಲ್ಲಿ ಡರ್ಬಿ ರೋಡ್ ಹತ್ತುವುದು ನನ್ನ ಕೈಲಾಗದು.