ನಗೋಯಾ ಅನುಮತಿ: ಅರ್ಜಿಯ ಜೊತೆಗೇ ಕರಾರಿನ ಕರಡು (ನನ್ನ ಅನುಭವ)

ಬೇರೆ ದೇಶದ ಜೀವಿಗಳ ಮೇಲೆ ಸಂಶೋಧನೆ ಮಾಡಲು, ನಗೋಯಾ ಪ್ರೋಟೋಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಸಾಮಾನ್ಯವಾಗಿ ಆ ದೇಶದ ಪೂರ್ವಾನುಮತಿ (ಪಿಐಸಿ) ಬೇಕು. ಅದು ಕೈಸೇರುವ ತನಕ ಹಣದ ಮಾತೆತ್ತಬಾರದು ಅನ್ನುವವರೇ ಹೆಚ್ಚು. ನಾನು ಎಂಎಟಿ (ಲಾಭದಲ್ಲಿ ಆ ದೇಶಕ್ಕೆಷ್ಟು ಪಾಲು ಎಂಬ ಪರಸ್ಪರ ಒಪ್ಪಿಗೆಯ ಕರಾರು) ಕರಡನ್ನು ಅರ್ಜಿಗೇ ಲಗತ್ತಿಸಿದೆ. ಕೆಲಸ ಕೆಡುತ್ತದೆ ಅಂದರು. ಕೆಡಲಿಲ್ಲ, ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಅನುಮತಿ ಬಂತು. ಮಾಮೂಲಿ ದಾರಿಯಲ್ಲಿ ಕಡತ ಕೂರುವುದು ಒಂದೇ ಜಾಗದಲ್ಲಿ: ಲಾಭ ಅಂದರೆ ಎಷ್ಟು?

ಉತ್ಪನ್ನವೇ ಹುಟ್ಟದಿರುವಾಗ ರಾಯಧನದ ಚೌಕಾಸಿಗೆ ಕೊನೆಯಿಲ್ಲ. ಹಾಗಾಗಿ ಮೊದಲು ಪ್ರವೇಶ ಶುಲ್ಕ, ಆಮೇಲೆ ಹಂತದ ಪಾವತಿ: ಪೇಟೆಂಟ್ ಅರ್ಜಿ ಹಾಕಿದಾಗ, ಲೈಸೆನ್ಸ್ ಕೊಟ್ಟಾಗ, ಮೊದಲ ಮಾರಾಟವಾದಾಗ. ರಾಯಧನಕ್ಕೆ ಕೆಳಮಿತಿ, ಮೇಲ್ಮಿತಿ ಮಾತ್ರ. ಆ ಮಿತಿ ಕಟ್ಟಿದ ಲೆಕ್ಕ ನನ್ನಲ್ಲೇ ಇರಲಿ. ಬಜೆಟ್ಟಿನ ಶೇ. 10-12ರಷ್ಟು ಈ ಅನುಮತಿ, ಕರಾರಿನ ಕೆಲಸಕ್ಕೇ ಹೋಯಿತು; ಅದರಲ್ಲಿ ಅರ್ಧಕ್ಕೂ ಮಿಕ್ಕಿ ವಕೀಲರಿಗೆ, ಅನುವಾದಕ್ಕೆ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಪ್ರಭೇದಗಳ ಪಟ್ಟಿಯಲ್ಲಿ. ಮಣ್ಣಿನಲ್ಲಿ ಏನಿದೆಯೆಂದು ಮುಂಚೆ ಗೊತ್ತಿರುವುದಿಲ್ಲ. 'ಈ ಗಡಿಯೊಳಗೆ, ತಾಣಕ್ಕೆ 200 ಗ್ರಾಂ, ಅದರಿಂದ ಬೇರ್ಪಡುವ ಎಲ್ಲ ಬ್ಯಾಕ್ಟೀರಿಯಾ' ಎಂದು ಬರೆಯಿರಿ. ಹೊರಗಿನ ಲ್ಯಾಬಿಗೆ ಸೀಕ್ವೆನ್ಸಿಂಗ್‌ಗೆ ಕಳಿಸುವುದೂ ಮೂರನೆಯವರಿಗೆ ಹಸ್ತಾಂತರ ಅನ್ನಿಸಿಕೊಳ್ಳಬಹುದು; ಸೇವೆಗಷ್ಟೇ ಎಂದು ಬಿಡಿಸಿ ಹೇಳದಿದ್ದರೆ ಟ್ಯೂಬು ಫ್ರೀಜರಿನಲ್ಲೇ. ಸಂಶೋಧನೆ ವಾಣಿಜ್ಯಕ್ಕೆ ತಿರುಗಿದರೆ ಯಾರಿಗೆ, ಎಷ್ಟು ದಿನದೊಳಗೆ ತಿಳಿಸಬೇಕು ಎಂಬ ಷರತ್ತೂ ಮೊದಲೇ ಇರಲಿ. ಪಿಐಸಿ ಬೇಡವೆನ್ನುವ ದೇಶಗಳೂ ಇವೆ. ಆ ಮಾತನ್ನು ಅಲ್ಲಿನ ಸರ್ಕಾರಿ ಸಂಪರ್ಕ ಕಚೇರಿಯಾದ ಫೋಕಲ್ ಪಾಯಿಂಟ್‌ನಿಂದ ಬರವಣಿಗೆಯಲ್ಲಿ ಪಡೆಯಿರಿ.

ಅಡ್ಡದಾರಿಗಳನ್ನೂ ನೋಡಿದೆ. ಕಲ್ಚರ್ ಬ್ಯಾಂಕಿನ (ಸೂಕ್ಷ್ಮಜೀವಿಗಳ ಸಂಗ್ರಹದ) ತಳಿ ಸಲೀಸು, ಆದರೆ ಮೂಲ ದೇಶದ ಷರತ್ತು ಎಂಟಿಎ (ಮಾದರಿ ಹಸ್ತಾಂತರದ ಕರಾರು) ಹಿಡಿದು ಜೊತೆಗೇ ಬರುತ್ತದೆ. ಬೆಳೆಗಳ ತಳಿ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಬೀಜ ಒಪ್ಪಂದದ ಎಸ್‌ಎಂಟಿಎಯಲ್ಲಿ ಚೌಕಾಸಿಯ ಗೋಜೇ ಇಲ್ಲ, ಎಲ್ಲರಿಗೂ ಒಂದೇ ಅಚ್ಚಾದ ಎಂಟಿಎ. ಆದರೆ ಅದು ಆಹಾರ ಮತ್ತು ಕೃಷಿಗೆ ಮಾತ್ರ, ಔಷಧಕ್ಕಲ್ಲ. ಆ ಒಪ್ಪಂದದ ಮೊದಲ ಅನುಬಂಧದ ಬೆಳೆಪಟ್ಟಿಯಲ್ಲಿ ಗೋಧಿ, ಭತ್ತ ಇವೆ. ಟೊಮೆಟೊ, ಸೋಯಾ, ನೆಲಗಡಲೆ ಇಲ್ಲ! ಬರೀ ಸೀಕ್ವೆನ್ಸ್ ಡೇಟಾದಿಂದ ಕೆಲಸ ಸಾಗಿಸೋಣವೆಂದರೆ ಆ ಬಾಗಿಲೂ ಪುಕ್ಕಟೆಯಲ್ಲ: ಅಂಥ ಡೇಟಾದಿಂದ ಗಳಿಸುವ ಕಂಪನಿಗಳು ಪಾಲು ಹಾಕಲೆಂದೇ 2025ರಲ್ಲಿ ಕಾಲಿ (Cali) ನಿಧಿ ಶುರುವಾಗಿದೆ.

ಪರವಾನಗಿ ಪ್ರೋಟೋಕಾಲಿನ ಜಾಲತಾಣವಾದ ಎಬಿಎಸ್ ಕ್ಲಿಯರಿಂಗ್ ಹೌಸಿನಲ್ಲಿ ಪ್ರಕಟವಾದ ಮೇಲಷ್ಟೇ ಅದು ಅಂತರರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರ, ಅಂದರೆ ಐಆರ್‌ಸಿಸಿ. ಎಷ್ಟೋ ಕಚೇರಿಗಳು ಪತ್ರ ಕೊಟ್ಟು ಸುಮ್ಮನಾಗುತ್ತವೆ, ಬೆನ್ನುಬಿದ್ದು ಏರಿಸಿ. ಗೋಪ್ಯ ಭಾಗ ಮುಚ್ಚಿಡಲು ಅವಕಾಶವಿದೆ, ಮರೆಯದೆ ಕೇಳಿ. ಐಆರ್‌ಸಿಸಿ ಸಂಖ್ಯೆ ಟ್ಯೂಬು, ನೋಟ್‌ಬುಕ್, ಸೀಕ್ವೆನ್ಸ್ ದಾಖಲೆ ಮೂರರಲ್ಲೂ ಇರಬೇಕು. ಯುರೋಪಿಯನ್ ಒಕ್ಕೂಟದ 511/2014 ನಿಯಮದ ಪ್ರಕಾರ ಬಳಕೆ ಮುಗಿದ ಮೇಲೂ 20 ವರ್ಷ ಈ ಕಾಗದ ಇಟ್ಟಿರಬೇಕು. ಒಂದು ಪ್ರತಿ ಸಂಸ್ಥೆಯ ಕಡತಕ್ಕೇ ಸೇರಿಸಿ. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಅಷ್ಟು ಬಾಳುವುದಿಲ್ಲ.