ಮಕ್ಕಳ ಜೊತೆ ಕ್ರೂಸ್: ರಾತ್ರಿ ಹತ್ತರ ನಂತರ ಏನು ನೋಡಬೇಕು, ಹೇಗೆ ಹೊಂದಿಸಿಕೊಳ್ಳಬೇಕು

ಹಡಗಿನಲ್ಲಿ ರಾತ್ರಿ ಮನರಂಜನೆಗೆ ಕೊರತೆ ಇಲ್ಲ. ಥಿಯೇಟರಿನಲ್ಲಿ ಜಾದೂ, ಲಾಂಜಿನಲ್ಲಿ ಕರೋಕೆ, ಈಜುಕೊಳದ ಡೆಕ್ಕಿನ ಮೇಲೆ ಡಿಜೆ, ಎಲ್ಲವೂ ಒಂದೇ ಹೊತ್ತಿಗೆ ನಡೆದಿರುತ್ತವೆ. ಕುಟುಂಬದವರು ಎಡವುವುದು ಬೇರೆ ಕಡೆ. ಮಕ್ಕಳಿಗೆ ನಿದ್ದೆ ಯಾವಾಗ ಹತ್ತುತ್ತದೆ, ಆಮೇಲೆ ಅವರ ಹತ್ತಿರ ಯಾರಿರುತ್ತಾರೆ ಎನ್ನುವುದನ್ನು ಮೊದಲೇ ಯೋಚಿಸಿರುವುದಿಲ್ಲ. ಇದನ್ನು ಊರಲ್ಲೇ ಕೂತು ತೀರ್ಮಾನಿಸಿದವರಿಗೆ ಹಡಗಿನ ರಾತ್ರಿ ದಕ್ಕುತ್ತದೆ. ಉಳಿದವರು ಕ್ಯಾಬಿನ್ನಿನ ದೀಪ ಆರಿಸಿ, ಮಗು ಎದ್ದೀತೆಂದು ಉಸಿರು ಬಿಗಿಹಿಡಿದು ಕೂತಿರುತ್ತಾರೆ.

ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಹೋಗುವವರಿಗೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು; ಗೋವಾ, ಲಕ್ಷದ್ವೀಪದ ಕಡೆಗೆ ಎರಡರಿಂದ ಐದು ರಾತ್ರಿಯ ಪ್ರವಾಸ. ಇನ್ನೊಂದು, ಸಿಂಗಾಪುರದಿಂದ ಹೊರಡುವ ದೊಡ್ಡ ಹಡಗುಗಳು. ಪೆನಾಂಗ್, ಫುಕೆಟ್ ಮುಟ್ಟಿ ವಾಪಸ್. ರಾತ್ರಿಯ ಲೆಕ್ಕ ಎರಡಕ್ಕೂ ಬೇರೆ ಬೇರೆ.

ಮುಂಬೈ ದಾರಿಯವರು ಮೊದಲ ರಾತ್ರಿಯ ಆಸೆ ಬಿಡುವುದು ಒಳ್ಳೆಯದು. ಕಲಬುರಗಿಯಿಂದ ರಾತ್ರಿ ರೈಲು ಹತ್ತಿದರೆ ನಸುಕಿಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ. ಕ್ರೂಸ್ ಟರ್ಮಿನಲ್ ಅಲ್ಲಿಂದ ಹತ್ತಿರವೇ ಇದ್ದರೂ ಹಡಗು ಹತ್ತಿಸುವುದು ಮಧ್ಯಾಹ್ನದ ಹೊತ್ತಿಗೆ. ಬರ್ತಿನ ಮೇಲೆ ಅರೆನಿದ್ದೆ, ವೇಟಿಂಗ್ ರೂಮಿನಲ್ಲಿ ಸ್ನಾನ, ಸಾಮಾನು ಎಳೆದಾಟ, ಸರದಿ ಸಾಲು ಮುಗಿಯುವಷ್ಟರಲ್ಲಿ ಮಗು ರಾತ್ರಿ ಎಂಟಕ್ಕೇ ಊಟದ ಮೇಜಿನ ಮೇಲೆ ತಲೆ ಹಾಕುತ್ತದೆ. ಎರಡೇ ರಾತ್ರಿಯ ಪ್ರವಾಸವಾದರೆ ಅರ್ಧ ಪ್ರವಾಸ ಅಲ್ಲೇ ಹೋಯಿತು. ಒಂದು ದಿನ ಮುಂಚೆ ಮುಂಬೈ ಸೇರಿ ಲಾಡ್ಜಿನಲ್ಲಿ ಮಲಗುವ ಖರ್ಚು ಇಲ್ಲಿ ದಂಡವಲ್ಲ.

ಸಿಂಗಾಪುರದಲ್ಲಿ ಇದು ಉಲ್ಟಾ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಡಗಿನಲ್ಲಿ ರಾತ್ರಿ ಹತ್ತಾದಾಗ ಮಕ್ಕಳ ಮೈಗೆ ಇನ್ನೂ ಸಂಜೆ ಏಳೂವರೆ. ಹನ್ನೊಂದೂವರೆಯ ಸಿನಿಮಾಕ್ಕೂ ಅವರು ಕಣ್ಣು ಬಿಟ್ಟುಕೊಂಡು ಕೂರುತ್ತಾರೆ. ಕಷ್ಟವಾಗುವುದು ಬೆಳಿಗ್ಗೆ: ಎಂಟು ಗಂಟೆಯ ತಿಂಡಿಗೆ ಎಬ್ಬಿಸಿದರೆ ಅವರಿಗದು ಐದೂವರೆ. ಆದ್ದರಿಂದ ಬಂದರಿಗೆ ಇಳಿಯುವ ಕಾರ್ಯಕ್ರಮವನ್ನು ಮೊದಲ ಎರಡು ದಿನ ಬೆಳಗಿನ ಗುಂಪಿನಲ್ಲಿ ಹಾಕಿಕೊಳ್ಳಬೇಡಿ, ಮಧ್ಯಾಹ್ನದ್ದು ತೆಗೆದುಕೊಳ್ಳಿ.

ಗಡಿಯಾರದ್ದೇ ಇನ್ನೊಂದು ತಕರಾರಿದೆ. ಫುಕೆಟ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಮಾತ್ರ ತನ್ನದೇ ಸಮಯ ಇಟ್ಟುಕೊಂಡಿರಬಹುದು. ದಡದ ಸಿಗ್ನಲ್ ಸಿಕ್ಕ ಕೂಡಲೇ ಮೊಬೈಲ್ ತಾನಾಗಿ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಒಂಬತ್ತರ ಶೋಗೆ ನೀವು ಹೋದಾಗ ಅಲ್ಲಿ ಪರದೆ ಬಿದ್ದಿರುತ್ತದೆ. ಸೆಟ್ಟಿಂಗ್ಸಿನಲ್ಲಿ ತಾನಾಗಿ ಸಮಯ ಬದಲಾಗುವುದನ್ನು ನಿಲ್ಲಿಸಿ, ಇಲ್ಲವೇ ಒಂದು ಸಾದಾ ಕೈಗಡಿಯಾರ ಕಟ್ಟಿಕೊಳ್ಳಿ. ಹಡಗು ಬಂದರು ಬಿಟ್ಟ ಮೇಲೆ ಮೊಬೈಲ್ ಏರ್‌ಪ್ಲೇನ್ ಮೋಡಿನಲ್ಲೇ ಇರಲಿ. ಸಮುದ್ರದ ಮೇಲಿನ ರೋಮಿಂಗ್ ದರ ಊರಿನ ರೀಚಾರ್ಜ್‌ಗೆ ಹೋಲಿಸುವ ಹಾಗಿಲ್ಲ. ದೊಡ್ಡ ಹಡಗುಗಳ ಆ್ಯಪ್ ಇಂಟರ್‌ನೆಟ್ ಪ್ಯಾಕ್ ಕೊಳ್ಳದಿದ್ದರೂ ಹಡಗಿನ ವೈಫೈ ಮೇಲೆ ನಡೆಯುತ್ತದೆ. ಆ ದಿನದ ಕಾರ್ಯಕ್ರಮಗಳೆಲ್ಲ ಅದರಲ್ಲೇ ಸಿಗುತ್ತವೆ. ಆ್ಯಪನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ.

ಬುಕಿಂಗ್ ಮಾಡುವಾಗಲೇ ಆಗಬೇಕಾದ ಎರಡು ಕೆಲಸ

ಮೊದಲನೆಯದು ಊಟದ ಸರದಿ. ದೊಡ್ಡ ಹಡಗುಗಳಲ್ಲಿ ಮುಖ್ಯ ಭೋಜನಶಾಲೆಯಲ್ಲಿ ಎರಡು ಪಂಕ್ತಿ: ಒಂದು ಸಂಜೆ ಐದೂವರೆ-ಆರರ ಸುಮಾರಿಗೆ, ಇನ್ನೊಂದು ಎಂಟರ ಆಸುಪಾಸು. ಥಿಯೇಟರ್ ಶೋ ಕೂಡ ಇದಕ್ಕೆ ತಕ್ಕಂತೆ ಎರಡು ಸಲ ನಡೆಯುತ್ತದೆ. ನಮ್ಮ ಕಡೆ ಐದೂವರೆ ಎಂದರೆ ಚಹಾದ ಹೊತ್ತು, ಹಾಗಾಗಿ ಬಹಳ ಜನ ಕಣ್ಣು ಮುಚ್ಚಿ ತಡವಾದ ಪಂಕ್ತಿ ಆರಿಸುತ್ತಾರೆ. ದೊಡ್ಡವರಷ್ಟೇ ಹೋದಾಗ ಅದು ಸರಿ. ಆರು ವರ್ಷದೊಳಗಿನ ಮಕ್ಕಳಿದ್ದರೆ ಮೊದಲ ಪಂಕ್ತಿಯೇ ವಾಸಿ. ಎಂಟರ ಪಂಕ್ತಿಯ ಊಟ ಸೂಪಿನಿಂದ ಐಸ್‌ಕ್ರೀಮ್‌ವರೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಎದ್ದಾಗ ಒಂಬತ್ತೂವರೆ, ಮಕ್ಕಳು ರಂಪ ಹಿಡಿದಿರುತ್ತಾರೆ, ಆಮೇಲೆ ಯಾವ ಶೋ? ಬೇಗ ಉಂಡರೆ ಹತ್ತೂವರೆಗೆ ಮತ್ತೆ ಹಸಿವಾಗುತ್ತದೆ ನಿಜ. ಅದಕ್ಕೆ ಪಿಜ್ಜಾ ಕೌಂಟರ್ ತೆರೆದೇ ಇರುತ್ತದೆ.

ಎರಡನೆಯದು ಕ್ಯಾಬಿನ್. ಕಂಪನಿಯ ಜಾಲತಾಣದಲ್ಲಿ ಡೆಕ್ಕುಗಳ, ಅಂದರೆ ಹಡಗಿನ ಮಹಡಿಗಳ ನಕ್ಷೆ ಇರುತ್ತದೆ. ನಿಮ್ಮ ಕ್ಯಾಬಿನ್ನಿನ ಮೇಲಿನ ಡೆಕ್ಕಿನಲ್ಲಿ, ಕೆಳಗಿನ ಡೆಕ್ಕಿನಲ್ಲಿ ಏನಿದೆ ಎಂದು ಬೆರಳಿಟ್ಟು ನೋಡಿ. ಮೇಲೂ ಕೆಳಗೂ ಕ್ಯಾಬಿನ್ನುಗಳೇ ಇದ್ದರೆ ರಾತ್ರಿ ಶಾಂತ. ಮೇಲೆ ಈಜುಕೊಳದ ಡೆಕ್ ಬಂದರೆ ನಡುರಾತ್ರಿ ಕುರ್ಚಿ ಎಳೆಯುವ ಸದ್ದು, ಕೆಳಗೆ ನೈಟ್‌ಕ್ಲಬ್ ಬಂದರೆ ಒಂದೆರಡು ಗಂಟೆಯವರೆಗೆ ಧಪಧಪ. ಅಜ್ಜ ಅಜ್ಜಿ ಜೊತೆಗೆ ಬರುವವರು ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಕೇಳಿ. ಒಂದು ರಾತ್ರಿ ಅವರು ಮಕ್ಕಳ ಹತ್ತಿರ, ಮರುರಾತ್ರಿ ನೀವು. ಶುಲ್ಕದ ಯಾವ ವ್ಯವಸ್ಥೆಯೂ ಇದಕ್ಕೆ ಸಾಟಿಯಿಲ್ಲ. ಹಾಗೆಂದು ದಿನಾಲೂ ಅತ್ತೆಯವರನ್ನೇ ಕೂಡಿಸಿ ಹೋಗಬೇಡಿ, ಟಿಕೆಟ್ ಅವರದ್ದೂ ಆಗಿದೆ.

ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಅಗ್ಗ, ಆದರೆ ದೀಪ ಆರಿಸಿದರೆ ಕಾಡಿಗೆ ಕತ್ತಲೆ. ನಡುರಾತ್ರಿ ಎದ್ದ ಮಗು ಹೆದರುತ್ತದೆ. ಬ್ಯಾಟರಿಯ ಸಣ್ಣ ದೀಪ ಒಂದಿರಲಿ, ಅಥವಾ ಬಚ್ಚಲ ದೀಪ ಹಾಕಿ ಬಾಗಿಲು ನಾಲ್ಕು ಬೆರಳು ತೆರೆದಿಡಿ.

ಹತ್ತಿದ ದಿನ: ಕಿಡ್ಸ್ ಕ್ಲಬ್

ಹಡಗು ಹತ್ತಿದ ಕೂಡಲೇ ಎಲ್ಲರೂ ಬಫೆಗೆ ಓಡುತ್ತಾರೆ. ನೀವು ಮೊದಲು ಕಿಡ್ಸ್ ಕ್ಲಬ್ಬಿಗೆ, ಅಂದರೆ ಸಿಬ್ಬಂದಿ ಮಕ್ಕಳನ್ನು ನೋಡಿಕೊಳ್ಳುವ ಜಾಗಕ್ಕೆ ಹೋಗಿ ಹೆಸರು ಬರೆಸಿ. ರಾತ್ರಿ ಒಂಬತ್ತಕ್ಕೆ ಬಂದು ಬರೆಸುತ್ತೇವೆ ಎಂದರೆ ಅಲ್ಲಿ ಸಾಲಿರುತ್ತದೆ, ಶೋ ತಪ್ಪುತ್ತದೆ. ಫಾರ್ಮಿನಲ್ಲಿ ಕೇಳುವುದು ಮಗುವಿನ ವಯಸ್ಸು, ಅಲರ್ಜಿ, ಔಷಧ, ಮತ್ತು ಕರೆದೊಯ್ಯಲು ಯಾರಿಗೆ ಅಧಿಕಾರ ಎನ್ನುವುದು. ಆ ಪಟ್ಟಿಯಲ್ಲಿ ಅಜ್ಜ, ಅಜ್ಜಿ, ಕಾಕಾ ಯಾರೇ ಇರಲಿ, ಬರಬಹುದಾದವರೆಲ್ಲರ ಹೆಸರೂ ಇರಬೇಕು. ಹೆಸರಿಲ್ಲದವರು ಎಷ್ಟೇ ಹೇಳಿದರೂ ಸಿಬ್ಬಂದಿ ಮಗುವನ್ನು ಕಳಿಸುವುದಿಲ್ಲ, ಕಳಿಸಲೂಬಾರದು.

ವಯಸ್ಸಿನ ಗುಂಪು ಗಟ್ಟಿ ನಿಯಮ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ ಮೂರು ತುಂಬಿದ ಮಕ್ಕಳಿಗೆ ಒಂದು ಕ್ಲಬ್, ಅದರೊಳಗೂ ವಯಸ್ಸಿನ ಪ್ರಕಾರ ಗುಂಪುಗಳು; ಹದಿಹರೆಯದವರಿಗೆ ಬೇರೆ ಜಾಗ. ಡೈಪರ್ ಬಿಟ್ಟಿರದ ಮಗುವನ್ನು ಮೂರು ತುಂಬಿದ್ದರೂ ಒಳಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಚಿಕ್ಕವರಿಗೆ ಕೆಲವು ಹಡಗುಗಳಲ್ಲಿ ಹಣ ಕೊಟ್ಟು ಬಿಡುವ ನರ್ಸರಿ ಇರುತ್ತದೆ, ಜಾಗ ಮಾತ್ರ ಬೆರಳೆಣಿಕೆ. ರಾತ್ರಿ ಹತ್ತರವರೆಗೆ ಕ್ಲಬ್ ಉಚಿತ, ಆಮೇಲೆ ಗಂಟೆ ಲೆಕ್ಕದ ಶುಲ್ಕ ಎನ್ನುವುದು ಅನೇಕ ಹಡಗುಗಳ ಪದ್ಧತಿ. ತಲಾ ಇಷ್ಟು ಎಂದು ಲೆಕ್ಕ, ಇಬ್ಬರು ಮಕ್ಕಳಿದ್ದರೆ ಎರಡುಪಟ್ಟು. ಮಗುವಿಗೆ ಕನ್ನಡ ಬಿಟ್ಟು ಬೇರೆ ಬಾರದಿದ್ದರೆ ನೀರು, ಬಾತ್‌ರೂಮ್, ಹೊಟ್ಟೆನೋವು, ಅಮ್ಮನ್ನ ಕರೀರಿ, ಈ ನಾಲ್ಕನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕಲಿಸಿ ಕಳಿಸಿ. ಸಿಬ್ಬಂದಿಯನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಅಲಾರಾಂ ಆದರೆ ನಾವು ಇಲ್ಲಿಗೆ ಓಡಿ ಬರಬೇಕೋ, ನೀವೇ ಮಗುವನ್ನು ನಾವು ಸೇರಬೇಕಾದ ಜಾಗಕ್ಕೆ ತರುತ್ತೀರೋ? ಅಲಾರಾಂ ಎಂದರೆ ಏಳು ಗಿಡ್ಡ ಸೀಟಿ, ಒಂದು ಉದ್ದ. ಹೊರಡುವ ಹೊತ್ತಿನ ಸುರಕ್ಷತಾ ಡ್ರಿಲ್ಲಿನಲ್ಲಿ ಸೆಲ್ಫಿ ತೆಗೆಯುತ್ತಾ ನಿಂತವರಿಗೆ ಇದು ಕೇಳಿಸಿರುವುದಿಲ್ಲ.

ನಿದ್ದೆ ಹೋದ ಮಗುವನ್ನು ಕ್ಯಾಬಿನ್ನಿನಲ್ಲಿ ಬಿಟ್ಟು ಬೀಗ ಹಾಕಿ ಹೋಗಬೇಡಿ. ‘ಮಗುವಿನ ಸದ್ದು ದೂರಕ್ಕೆ ಕೇಳಿಸುವ ಬೇಬಿ ಮಾನಿಟರ್ ಇದೆಯಲ್ಲ’ ಎನ್ನುವುದು ಇಲ್ಲಿ ನಡೆಯದು: ಗೋಡೆ, ನೆಲ ಎಲ್ಲ ಉಕ್ಕು, ಎರಡು ಡೆಕ್ ದಾಟುವಷ್ಟರಲ್ಲಿ ಸಿಗ್ನಲ್ ಸತ್ತಿರುತ್ತದೆ. ಉಕ್ಕಿನ ಗೋಡೆಯಿಂದ ಒಂದು ಉಪಯೋಗವೂ ಇದೆ. ಅಯಸ್ಕಾಂತದ ಕೊಕ್ಕೆ ನಾಲ್ಕು ಒಯ್ದರೆ ಒದ್ದೆ ಟವೆಲ್, ಟೋಪಿ, ಚೀಲ ಎಲ್ಲ ತೂಗುಹಾಕಬಹುದು. ಬಾಗಿಲ ಹೊರಗೆ ಅಯಸ್ಕಾಂತ ಅಂಟಿಸಿದ ಪುಟ್ಟ ತೋರಣ ಹಾಕಿದರೆ, ಒಂದೇ ತರಹ ಕಾಣುವ ಎಪ್ಪತ್ತು ಬಾಗಿಲುಗಳ ಓಣಿಯಲ್ಲಿ ಮಕ್ಕಳಿಗೆ ನಿಮ್ಮದು ಗೊತ್ತಾಗುತ್ತದೆ. (ಬೀದರಿನವರು ಬಿದರಿ ಕೆಲಸದ ತುಣುಕು ಅಂಟಿಸಲು ಹೋಗಬೇಡಿ, ಸತು-ತಾಮ್ರಕ್ಕೆ ಅಯಸ್ಕಾಂತ ಹಿಡಿಯದು.)

ರಾತ್ರಿಯ ಆಯ್ಕೆಗಳು

ಥಿಯೇಟರ್ ಶೋ 45 ನಿಮಿಷದಿಂದ ಒಂದು ಗಂಟೆ. ಜಾದೂ, ಸರ್ಕಸ್ ಕಸರತ್ತು, ಬಾಲಿವುಡ್ ನೃತ್ಯ ಮಕ್ಕಳ ಜೊತೆ ಧಾರಾಳವಾಗಿ ನೋಡಬಹುದು. ಥಿಯೇಟರ್ ಬಹುತೇಕ ಹಡಗಿನ ಮೂತಿಯ ಕಡೆ ಇರುತ್ತದೆ. ಅಲೆ ಎದ್ದಾಗ ಹೆಚ್ಚು ಏರಿಳಿಯುವುದು ಅದೇ ಭಾಗ. ತಲೆ ತಿರುಗುವವರು ಬಾಲ್ಕನಿಗೆ ಹೋಗದೆ ಕೆಳಗೆ, ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತರೆ ಒಳ್ಳೆಯದು. ಮಗು ಅತ್ತರೆ ಎದ್ದು ಹೋಗಲಿಕ್ಕೂ ಅದೇ ಜಾಗ ಸರಿ. ಕಲಬುರಗಿಯ 43 ಡಿಗ್ರಿ ಬಿಸಿಲಿನಿಂದ ಬಂದವರಿಗೆ ಒಳಗಿನ ಏಸಿ ನಡುಕ ಹುಟ್ಟಿಸುತ್ತದೆ, ಶಾಲು ಮರೆಯಬೇಡಿ.

ನಗೆ ಕಾರ್ಯಕ್ರಮದಲ್ಲಿ ಹೊತ್ತು ನೋಡಿ ಹೋಗಬೇಕು. ಅದೇ ಕಲಾವಿದ ಏಳು ಗಂಟೆಗೆ ಕುಟುಂಬಕ್ಕೆಂದು ಒಂದು ಮಾಡಿ, ಹತ್ತರ ನಂತರ 18 ದಾಟಿದವರಿಗೆ ಮಾತ್ರ ಎಂದು ಬೇರೆಯದೇ ಮಾಡುತ್ತಾನೆ. ರಾತ್ರಿಯ ಗಂಡ-ಹೆಂಡತಿ ಕ್ವಿಜ್ ಆಟಗಳೂ ಅಷ್ಟೇ. ವೇದಿಕೆಗೆ ಕರೆದು ಕೇಳುವ ಪ್ರಶ್ನೆಗಳು ಅತ್ತೆ-ಮಾವ ಮುಂದಿನ ಸಾಲಿನಲ್ಲಿದ್ದಾಗ ಉತ್ತರಿಸುವಂಥವಲ್ಲ. ಕೈ ಎತ್ತುವ ಮುಂಚೆ ಯೋಚಿಸಿ.

ಕುಟುಂಬಕ್ಕೆ ಎಲ್ಲಕ್ಕಿಂತ ಹೊಂದುವುದು ಸೈಲೆಂಟ್ ಡಿಸ್ಕೊ ಎನ್ನಬಹುದು. ಪ್ರತಿಯೊಬ್ಬರಿಗೂ ಹೆಡ್‌ಫೋನ್ ಕೊಡುತ್ತಾರೆ. ಎರಡು ಮೂರು ಚಾನೆಲ್, ಚಾನೆಲಿಗೊಂದು ಬಣ್ಣದ ದೀಪ. ಸದ್ದಿಲ್ಲದ ಕೋಣೆಯಲ್ಲಿ ಎಲ್ಲರೂ ಕುಣಿಯುತ್ತಿರುತ್ತಾರೆ. ಸದ್ದು ಹೆಚ್ಚಾದರೆ ಮಗುವಿನ ಹೆಡ್‌ಫೋನ್ ತಗ್ಗಿಸಬಹುದು, ಮಾತಾಡಬೇಕೆಂದರೆ ತೆಗೆದರಾಯಿತು. ಕರೋಕೆಗೆ ಶುರುವಿನ ಹದಿನೈದು ನಿಮಿಷ ಮುಂಚೆಯೇ ಹೆಸರು ಕೊಡಿ. ಹಾಡಿಗೆ ನಾಲ್ಕು ನಿಮಿಷ ಹಿಡಿದರೂ ಗಂಟೆಗೆ ಹದಿನೈದು ಜನಕ್ಕಿಂತ ಹೆಚ್ಚು ಆಗದು. ಪಟ್ಟಿಯಲ್ಲಿ ಹಿಂದಿ, ಇಂಗ್ಲಿಷ್ ಸಿಗುತ್ತವೆ, ಕನ್ನಡ ಅಪರೂಪ. ಬಾಯಿಪಾಠ ಇರುವ ಹಿಂದಿ ಹಾಡೊಂದನ್ನು ತಯಾರು ಮಾಡಿಕೊಂಡಿರಿ.

ಡೆಕ್ಕಿನ ಮೇಲೆ ದೊಡ್ಡ ಪರದೆಯ ಸಿನಿಮಾ ಇದ್ದರೆ ಕುರ್ಚಿ ಪರದೆಯ ಹತ್ತಿರ ಹಾಕಬೇಡಿ, ಗಾಳಿ ನೇರ ಬಡಿಯುತ್ತದೆ. ಗಾಜಿನ ತಡೆ ಇರುವ ಬದಿ ಹುಡುಕಿ. ವಿಡಿಯೊ ಗೇಮ್ ಆರ್ಕೇಡ್ ತಡರಾತ್ರಿವರೆಗೆ ತೆರೆದಿರುತ್ತದೆ, ಅಪಾಯ ಇರುವುದೂ ಅಲ್ಲೇ: ಹಡಗಿನಲ್ಲಿ ಮಗುವಿಗೆ ಕೊಟ್ಟ ಕಾರ್ಡು ನಿಮ್ಮ ಕ್ಯಾಬಿನ್ ಲೆಕ್ಕಕ್ಕೆ ಕೂಡಿರುತ್ತದೆ, ಪ್ರತಿ ಸಲ ಉಜ್ಜಿದಾಗಲೂ ಬಿಲ್ಲು ಏರುತ್ತದೆ. ಗೆಸ್ಟ್ ಸರ್ವೀಸ್ ಕೌಂಟರಿನಲ್ಲಿ ಮೊದಲ ದಿನವೇ ಮಿತಿ ಹಾಕಿಸಿ. ಕ್ಯಾಸಿನೊ ಬಂದರಿನಲ್ಲಿ ನಿಂತಾಗ ಮುಚ್ಚಿದ್ದು ಸಮುದ್ರಕ್ಕೆ ಹೋದ ಮೇಲೆ ತೆರೆಯುತ್ತದೆ. ಮಕ್ಕಳಿಗೆ ಒಳಗೆ ನಿಲ್ಲಲೂ ಬಿಡುವುದಿಲ್ಲ. ಹದಿಹರೆಯದವರಿಗೆ ಗಡಿ ಹಾಕಲು ಹಡಗಿನ ನಿಯಮವೇ ನೆರವಾಗುತ್ತದೆ: ರಾಯಲ್ ಕೆರಿಬಿಯನ್, ಕಾರ್ನಿವಲ್‌ಗಳಲ್ಲಿ 17 ಮತ್ತು ಕೆಳಗಿನವರು ರಾತ್ರಿ ಒಂದರ ನಂತರ ದೊಡ್ಡವರಿಲ್ಲದೆ ಓಡಾಡುವಂತಿಲ್ಲ. ನಿಮ್ಮ ಗಡಿ ಹನ್ನೊಂದೂವರೆ ಇದ್ದರೆ ಮಾತ್ರ ಅದನ್ನು ನೀವೇ ಹೇಳಬೇಕು.

ಹಣವಿಲ್ಲದೆ ಸಿಗುವುದು ಆಕಾಶ. ಮೇಲಿನ ಡೆಕ್ಕಿನಲ್ಲಿ ದೀಪದ ಬೆಳಕು ಜಾಸ್ತಿ. ಲೈಫ್‌ಬೋಟುಗಳ ಪಕ್ಕದ ನಡಿಗೆ ಡೆಕ್ಕಿನಲ್ಲಿ ಕತ್ತಲಿರುವ ಮೂಲೆಗೆ ಹೋಗಿ, ಹತ್ತು ನಿಮಿಷ ಮೊಬೈಲ್ ನೋಡದೆ ಕಣ್ಣು ಹೊಂದಿಸಿಕೊಳ್ಳಿ. ಜನವರಿ-ಫೆಬ್ರುವರಿಯಲ್ಲಿ ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ ಎದ್ದು ಕಾಣುತ್ತದೆ. ಧ್ರುವ ನಕ್ಷತ್ರ ಕಲಬುರಗಿಯಲ್ಲಿ ದಿಗಂತದಿಂದ ಸುಮಾರು 17 ಡಿಗ್ರಿ ಮೇಲಿರುತ್ತದೆ. ಸಿಂಗಾಪುರದ ಹತ್ತಿರ ಒಂದೂಕಾಲು ಡಿಗ್ರಿಗೆ ಇಳಿದು ಮಂಜಿನಲ್ಲಿ ಕಾಣದಾಗುತ್ತದೆ. ಭೂಮಿ ಗುಂಡಗಿದೆ ಎಂದು ಹತ್ತು ವರ್ಷದ ಹುಡುಗನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಕಟಕಟಿ ಮೇಲೆ ಮಾತ್ರ ಮಕ್ಕಳನ್ನು ಹತ್ತಿಸಬೇಡಿ, ಫೋಟೊಕ್ಕೂ ಬೇಡ.

ಹೊಟ್ಟೆ

ಮನೆಯಲ್ಲಿ ಮಾಡಿದ ತಿನಿಸನ್ನು ಹೆಚ್ಚಿನ ಹಡಗುಗಳು ಒಳಗೆ ಬಿಡುವುದಿಲ್ಲ. ಸ್ಟೀಲ್ ಡಬ್ಬಿಯ ಶೇಂಗಾ ಹಿಂಡಿ, ಮಾಲದಿ ತಪಾಸಣೆಯಲ್ಲೇ ಉಳಿಯಬಹುದು. ಕಂಪನಿ ಪ್ಯಾಕಿನ, ಸೀಲ್ ಒಡೆಯದ ಪೊಟ್ಟಣಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕಟಕ ರೊಟ್ಟಿಯನ್ನೂ ಅಂಗಡಿಯಿಂದ ಸೀಲ್ ಪ್ಯಾಕಿನಲ್ಲೇ ಕೊಳ್ಳಿ. ಬಿಸಿನೀರಿನ ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ. ಬಫೆ ಮುಚ್ಚುವ ಮುಂಚೆ ಒಂದು ಬಾಳೆಹಣ್ಣು, ಬ್ರೆಡ್ಡು ಕ್ಯಾಬಿನ್ನಿಗೆ ತಂದಿಟ್ಟರೆ ಹನ್ನೊಂದರ ಹಸಿವಿಗೆ ಆಗುತ್ತದೆ. ಹೊಟ್ಟೆ ಖಾಲಿ ಇದ್ದರೆ ಓಕರಿಕೆ ಹೆಚ್ಚು. ವಾಂತಿಯ ಮಾತ್ರೆಯನ್ನು ಅಲೆ ಎದ್ದ ಮೇಲೆ ನುಂಗಿದರೆ ತಡವಾಯಿತು. ಮುಂಚೆಯೇ ತೆಗೆದುಕೊಳ್ಳಬೇಕು, ಮತ್ತು ಅದರಿಂದ ನಿದ್ದೆ ಬರುತ್ತದೆ. ಶೋ ನೋಡುವ ಆಸೆ ಇರುವ ರಾತ್ರಿ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳಿಗೆ ಯಾವುದು, ಎಷ್ಟು ಎನ್ನುವುದನ್ನು ಊರಿನ ಡಾಕ್ಟರರಿಂದ ಬರೆಸಿಕೊಂಡೇ ಹೋಗಿ.

ಕೊನೆಯ ರಾತ್ರಿ

ದೊಡ್ಡ ಹಡಗುಗಳಲ್ಲಿ ಕೊನೆಯ ರಾತ್ರಿ ಹನ್ನೊಂದರ ಸುಮಾರಿಗೆ ಟ್ಯಾಗ್ ಕಟ್ಟಿದ ಸೂಟ್‌ಕೇಸುಗಳನ್ನು ಬಾಗಿಲ ಹೊರಗೆ ಇಡಬೇಕು. ಅವು ಸಿಗುವುದು ಮರುದಿನ ದಡದಲ್ಲಿ. ಇಲ್ಲಿ ಆಗುವ ಎಡವಟ್ಟು ಪ್ರತಿ ಹಡಗಿನದ್ದು: ನಾಳೆಯ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟ್ ಎಲ್ಲ ಸೂಟ್‌ಕೇಸಿನೊಳಗೆ ಹೋಗಿ, ಬೆಳಿಗ್ಗೆ ರಾತ್ರಿಯಂಗಿಯಲ್ಲೇ ಇಳಿಯುವುದು. ಊಟಕ್ಕೆ ಹೋಗುವ ಮುಂಚೆಯೇ ಒಂದು ಕೈಚೀಲದಲ್ಲಿ ಬೆಳಗಿನ ಬಟ್ಟೆ, ಔಷಧ, ಕಾಗದಪತ್ರ ಬೇರೆ ತೆಗೆದಿಟ್ಟು, ಸೂಟ್‌ಕೇಸು ಹೊರಗೆ ಹಾಕಿ, ಆಮೇಲೆ ಶೋಗೆ ಹೋಗಿ. ಬಿಲ್ಲಿನ ತಕರಾರಿದ್ದರೆ ಬೆಳಿಗ್ಗೆ ಏಳಕ್ಕೆ ಗೆಸ್ಟ್ ಸರ್ವೀಸ್ ಮುಂದೆ ನೂರು ಜನ ನಿಂತಿರುತ್ತಾರೆ. ಕೊನೆಯ ಶೋ ಮುಗಿಸಿ ಬರುವಾಗ, ರಾತ್ರಿ ಹನ್ನೆರಡರ ಮೇಲೆ, ಅದೇ ಕೌಂಟರಿನಲ್ಲಿ ಸಾಲಿರುವುದಿಲ್ಲ. ಆರ್ಕೇಡಿನ ಖರ್ಚು ಸರಿಯಿದೆಯೇ ಎಂದು ಆಗಲೇ ನೋಡಿಬಿಡಿ.